ಊರು ಉಳಿಸಿದ ಹುಡುಗಿ

ಗೆಳೆಯರ, ಇವತ್ತ ಶನಿವಾರ, ಮುಂಜಾನೆ ಸಾಲಿ. ಬಿಡೂ ಹೊತ್ತಿಗೆ ಹೋದ್ರ ಗೋಕಾಕದ ನಮ್ಮ ಸಾಲಿ ಅಂಗಳದಾಗ ಹತ್ತಿಪ್ಪತ್ತು ಹುಡುಗ್ರು ನನ್ನ ಮಗಳು ಪದ್ಮಾನ ಸುತ್ತಗಟ್ಟಿ ನಿಂತಿದ್ರು. "ಹೇಳ ಪದ್ಮಾ, ಈ ಸಲ ಹೊಳಿ ಯಾವಾಗ ಬರತೈತಿ?" ಅಂತ ಒಂದೇ ಗದ್ದಲ. ಗದ್ದಲ ಅಂದ್ರ ಆಕಿಗೆ ತಡಿಯಾಕ ಆಗೂದಿಲ್ಲ, ಸಣ್ಣಾಕಿದ್ದಾಗಿಂದ ಹಂಗ. ಕಿವಿ ಮುಚಗೊಂಡು ಕುಂತಿದ್ಲು.

ಇದೇನಂತ ಪಾಠ ಹೇಳೂ ಬಾಯಾರ್ನ ಕೇಳಿದೆ. ಇವತ್ತ ಓದಿದ ಕಥಿ ಪುಸ್ತಕ ತೋರಿಸಿದ್ರು. ಗದ್ದಲಕ್ಕ ಅಂಜೂ ಒಬ್ಬ ಹುಡುಗಿ, ಎಲ್ಲಾರೂ ಆಕಿಗೆ ನಗತಾರ. ಕಡೀಕ ಹೊಳಿ ಉಕ್ಕಿ ಬರೂ ಸಪ್ಪಳ ಆಕಿಗೊಬ್ಬಾಕಿಗೇ ಕೇಳಸತೈತಿ. ಆಕಿ ಹೇಳಿದ್ದಕ್ಕ ಊರು ಉಳಿತೈತಿ, ಮಂದಿ ಎಲ್ಲಾ ಚಪ್ಪಾಳಿ ಹೊಡಿತಾರ.

"ಪದ್ಮಾನ ಸಲುವಾಗೇ ಓದಿದೆನ್ರಿ ಅಕ್ಕಾರ," ಅಂದ್ರು. ಪಾಪ, ಖರೇನ ಅಂದ್ರು.

"ಊರು ಉಳಸದಿದ್ರೂ ಅಂಥಾ ಹುಡುಗೀನ ಆಟಕ್ಕ ಕರಕೊಳ್ಳೂ ಕಥಿ ಇಲ್ಲೇನ್ರಿ?" ಅಂದೆ. ಕಪಾಟ ಪೂರಾ ಹುಡುಕಿದ್ರು. ಇರಲಿಲ್ಲ.

ಪದ್ಮಾ ದಿನಕ್ಕ ನಾಕ ಮಾತು ಆಡೂದು ಹೆಚ್ಚು. ಬರೂ ದಾರ್ಯಾಗ ತಾನಾಗೇ ಕೇಳಿದ್ಲು: "ಅವ್ವಾ, ಎಲ್ಲಾರೂ ಚಪ್ಪಾಳಿ ಹೊಡದಾಗ ಆ ಹುಡುಗಿ ಕಿವಿ ಮುಚಗೊಂಡ್ಲೇನು?"

ಬರದವರಿಗೂ ತಿಳೀಲಿಲ್ಲ, ಓದಿದವರಿಗೂ ತಿಳೀಲಿಲ್ಲ. ಹಡದಾಕಿಗೂ ತಿಳೀಲಿಲ್ಲ.

ಸುಮ್ಮನ ಬಂದು ಬಾಜೂಕ ಕುಂಡ್ರೂ ಊರಿನ ಕಥಿ ಎಲ್ಲೆರೆ ಇದ್ರ ಹೇಳ್ರಿ. ನಮಗಿಬ್ಬರಿಗೂ ಆ ಊರಿಗೆ ಒಮ್ಮೆ ಹೋಗಬೇಕಾಗೈತಿ. ಇದನ್ನ ಓದಿ ಯಾರೂ ಚಪ್ಪಾಳಿ ಮಾತ್ರ ಹೊಡಿಬ್ಯಾಡ್ರಿ. ಇದನ್ನ ಬರಿಯಾಕ ಬಂದ ಸೈಬರ್ ಕೆಫೆದಾಗ ಪದ್ಮಾ ನನ್ನ ತೊಡಿ ಮ್ಯಾಲ ಈಗರೆ ಮಲಗ್ಯಾಳ.