ಗಚ್ಚಿನ ಮೇಸ್ತ್ರಿ ತಾಯಪ್ಪ

ಟಕ್, ಟಕ್ ಎಂದು ಗಟ್ಟಿಯಾಗಿ ಬರುತ್ತಿದ್ದ ಗೋಡೆಯ ಸದ್ದು ಮೂರನೆಯ ಕಮಾನಿನ ಹತ್ತಿರ ಡಬ್ ಎಂದಿತು. ಉಮಾಶ್ರೀ ಬೆರಳ ಗೆಣ್ಣಿನಿಂದ ಇನ್ನೊಮ್ಮೆ ತಟ್ಟಿದಳು. ಡಬ್. ಗಿಲಾವು ಕಲ್ಲನ್ನು ಬಿಟ್ಟು ನಿಂತಿದೆ ಎಂಬುದು ತಾಯಪ್ಪನಿಗೆ ಮೊದಲ ಸಲಕ್ಕೇ ತಿಳಿದಿತ್ತು. ಯಾಕೆ ಬಿಟ್ಟಿದೆ ಎಂಬುದೂ ತಿಳಿದಿತ್ತು. ಕೈಯಲ್ಲಿದ್ದ ಕರಣಿಯನ್ನು ಒರೆಸುತ್ತ ನಿಂತ. ಅದು ಆಗಲೇ ಸ್ವಚ್ಛವಾಗಿತ್ತು.

ಸಿಕಂದರಾಬಾದ್ ಸ್ಟೇಷನ್ನಿಗೆ ಕೂಗಳತೆಯಲ್ಲಿದ್ದ ಆ ಗೋದಾಮು ನೂರು ವರ್ಷ ಶೇಂಗಾ, ಹುಣಸೆಹಣ್ಣು ತುಂಬಿಕೊಂಡಿದ್ದದ್ದು. ಮೂಟೆ ಇಳಿಸಲೆಂದು ನೆಲವನ್ನು ಬಂಡಿಯ ಎತ್ತರಕ್ಕೆ ಕಟ್ಟಿದ್ದರು. ಮೊಳ ಮೀರಿದ ದಪ್ಪದ ಕಲ್ಲುಗೋಡೆ, ಸಾಗವಾನಿ ತೊಲೆ, ಸೂರಿನ ಕೆಳಗೆ ಗಾಳಿಗೆಂದು ಸಾಲು ಕಿಂಡಿ. ಈಗ ಸಾಫ್ಟ್‌ವೇರ್ ಕಂಪನಿಯೊಂದು ಅದನ್ನು ಆಫೀಸಿಗೆ ಹಿಡಿದಿತ್ತು. ಕೆಡವದೆ, ಇದ್ದಂತೆಯೇ ಉಳಿಸುವ ಹೊಣೆ ಆರ್ಕಿಟೆಕ್ಟ್ ಉಮಾಶ್ರೀಯದು. ಬೀದರಿನ ಮನೆತನದ ಹುಡುಗಿ. "ಸಿಮೆಂಟ್ ಒಂದು ಹಿಡಿನೂ ಒಳಗ ಬರಬಾರದು. ಕಲ್ಲಿನ ಬೆವರು ಸುಣ್ಣದಾಗ ಹಾದು ಹೋಗ್ತದ, ಸಿಮೆಂಟಿನಾಗ ಹೋಗಂಗಿಲ್ಲ," ಎಂದು ಮೊದಲ ದಿನವೇ ಹೇಳಿದ್ದಳು.

ತಾಯಪ್ಪನನ್ನು ಹುಡುಕಿ ತಂದವಳೂ ಅವಳೇ. ಶಹಾಪುರದ ಕಡೆಯವನು, ಅಪ್ಪ ವಾಡೆಗಳಿಗೆ ಸುಣ್ಣದ ಗಾರೆಯ ಗಚ್ಚು ಬಡಿದ ಮೇಸ್ತ್ರಿ. "ಸುಣ್ಣದ ಗಚ್ಚು ಬರ್ತದೇನು?" ಎಂದು ಅವಳು ಕೇಳಿದಾಗ, "ನಮ್ಮಪ್ಪನ ಕಸಬ್ರೀ" ಎಂದಿದ್ದ. ಸುಳ್ಳಲ್ಲ. ಆದರೆ ಅವನು ಮಾತ್ರ ಹತ್ತು ವರ್ಷದಿಂದ ಇಲ್ಲಿಯ ಮಾದಾಪುರದ ಗಾಜಿನ ಕಟ್ಟಡಗಳಿಗೆ ಸಿಮೆಂಟೇ ಬಳಿದವನು. ಅದನ್ನು ಹೇಳಲಿಲ್ಲ. ನೋಡಲು ಬಂದವರಿಗೆಲ್ಲ ಉಮಾಶ್ರೀ "ಇವರು ಹಳೆ ಗಚ್ಚಿನ ಮೇಸ್ತ್ರಿ" ಎಂದಳು, ಫೋಟೊ ತೆಗೆಸಿದಳು. ಅಂಗಿಯ ಗುಂಡಿ ಸರಿಮಾಡಿಕೊಂಡು ಅವನೂ ನಿಂತ.

ನಿಜವಾಗಿ ಗಚ್ಚು ಗೊತ್ತಿದ್ದದ್ದು ಗದಿಗೆಮ್ಮನಿಗೆ. ಸುಣ್ಣ ನೆನೆಸಿ ಅರೆಯುವ ಅರವತ್ತರ ಹೆಂಗಸು. ಬೆಲ್ಲದ ನೀರೆಷ್ಟು, ಅಳಲೆಕಾಯಿ ನೀರೆಷ್ಟು ಎಂದು ಬೆರಳಲ್ಲಿ ತಿಕ್ಕಿ ನೋಡಿಯೇ ಹೇಳುವಳು. ಮೂರನೆಯ ಕಮಾನಿಗೆ ಗಚ್ಚು ಬಡಿದ ದಿನ ಜಡಿಮಳೆ. ಗಚ್ಚು ನಿಲ್ಲದೆ ಜಾರುತ್ತಿತ್ತು. ಏನು ಮಾಡಲಿ ಎಂದು ಅವಳನ್ನು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಮೇಸ್ತ್ರಿಯಾದವನು ಹತ್ತು ಆಳುಗಳ ಮುಂದೆ ಬುಟ್ಟಿ ಹೊರುವವಳನ್ನು ಹೇಗೆ ಕೇಳುವುದು?

"ಯಾಕ್ರಿ ಮೇಸ್ತ್ರಿ, ನಿಮ್ಮ ಗ್ವಾಡಿಗೇನು ರೈಲು ಹಿಡಿಯೂದೈತೇನ? ಸುಣ್ಣ ಐತದು, ತಡೀರಿ!" ಎಂದು ಅವಳೇ ಕೂಗಿದಳು.

ಆಳುಗಳು ನಕ್ಕರು. ತಾಯಪ್ಪನಿಗೆ ಅದು ಚುಚ್ಚಿತು. ಊಟದ ಹೊತ್ತಿನಲ್ಲಿ ಪಕ್ಕದ ಕಟ್ಟಡದಿಂದ ಎರಡು ಬುಟ್ಟಿ ಸಿಮೆಂಟ್ ತಂದು ಕಲೆಸಿ ಬಡಿದ. ಮೇಲೆ ಸುಣ್ಣದ ತೆಳು ಪದರ ಎಳೆದ. ಬುಟ್ಟಿ ತೊಳೆಯಲು ಕೂತ ಗದಿಗೆಮ್ಮ ಬೂದಿಬಣ್ಣದ ನೀರನ್ನು ನೋಡಿದಳು, ಅವನನ್ನು ನೋಡಿದಳು, ನೀರು ಚೆಲ್ಲಿದಳು.

ಈಗ ಉಮಾಶ್ರೀ ಅವಳ ಕಡೆಗೇ ತಿರುಗಿದ್ದಳು. "ಎಷ್ಟು ದಿನ ನೆನಸಿದ್ರಿ ಸುಣ್ಣ?"

"ಇಪ್ಪತ್ತೊಂದು ದಿನಾರಿ."

"ಮತ್ತ ಹಿಂಗ್ಯಾಕ ಆಗ್ಯದ? ಮೇಸ್ತ್ರಿ, ನೀವ ಹೇಳ್ರಿ. ಸುಣ್ಣ ಹಸಿ ಇತ್ತೇನು?"

ತಾಯಪ್ಪ ಹೌದೆಂಬಂತೆ ತಲೆಯಾಡಿಸಿದ.

"ನಾಳಿಂದ ನೀವು ಬರೂದು ಬ್ಯಾಡ," ಎಂದಳು ಉಮಾಶ್ರೀ ಗದಿಗೆಮ್ಮನಿಗೆ.

ಗದಿಗೆಮ್ಮ ಊಟದ ಡಬ್ಬಿ ಎತ್ತಿಕೊಂಡು, "ಹೊಂಡದ ಸುಣ್ಣಕ್ಕ ಸಂಜಿಕ ನೀರ ಹಾಕ್ರಿ ಮೇಸ್ತ್ರಿ, ಒಣಗೀತು," ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕಿವಿಯ ತುದಿ ಸುಡತೊಡಗಿತು. ಅಪ್ಪನ ಹೆಸರು ಹೇಳಿ ಕೈಹಾಕಿದ ಗೋಡೆಯ ಮುಂದೆ ನಿಲ್ಲಲಾರದೆ ಅವನು ಉಳಿ ತೆಗೆದುಕೊಂಡು ಒಂದು ಪೆಟ್ಟು ಹಾಕಿದ. ಅಂಗೈಯಗಲದ ಚಕ್ಕೆ ಬಿತ್ತು. ಬಿಳಿ ಪದರದ ಕೆಳಗೆಲ್ಲ ಬೂದಿ.

"ಸಿಮೆಂಟ್ರೀ. ನಾನ ಹಾಕಿದ್ದು. ಆಕಿ ಸುಣ್ಣ ಬರೋಬ್ಬರಿ ಇತ್ತು."

ಉಮಾಶ್ರೀ ಚಕ್ಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಯಾಕ್ರಿ?"

"ನನಗ ಗಚ್ಚು ಪೂರಾ ಬರಂಗಿಲ್ರಿ. ಆಕಿನ್ನ ಕೇಳಾಕ ನಾಚಿಕಿ ಬಂತು."

ಅವಳು ಸಿಟ್ಟಾಗುವಳೆಂದು ಅವನು ಕಾದ. ಅವಳು ಉಸಿರು ಬಿಟ್ಟು, "ಆಯ್ತು ಬಿಡ್ರಿ. ಕೆತ್ತಿ ತಗ್ಯೋಣು, ಕಲ್ಲಿಗೇನೂ ಆಗಿಲ್ಲ. ನಿಮ್ಮಂಥಾ ಹಳೆ ಕೈ ಇನ್ನೆಲ್ಲಿ ಸಿಗ್ತಾವ? ಯಾರಿಗೂ ಹೇಳೂದು ಬ್ಯಾಡ, ಸೋಮವಾರ ಕಂಪನಿಯವರು ಬರೂದ್ರಾಗ ನೀವು ಮೊದಲ..." ಎನ್ನುತ್ತಿದ್ದಳು.

ಮಾತು ಇನ್ನೂ ನಡೆದಿತ್ತು; ಗದಿಗೆಮ್ಮನ ಹೆಸರು ಅದರಲ್ಲಿ ಎಲ್ಲೂ ಬರಲಿಲ್ಲ. ತಾಯಪ್ಪ ಉಳಿಯನ್ನು ನೆಲಕ್ಕಿಟ್ಟು, ಚಪ್ಪಲಿಯನ್ನೂ ಮೆಟ್ಟದೆ, ಗೇಟು ದಾಟುತ್ತಿದ್ದ ಗದಿಗೆಮ್ಮನ ಹಿಂದೆ ಹೊರಟುಬಿಟ್ಟ.