ಗಂಟಲಿಗೆ ರಜೆ

ನನ್ನ ಧ್ವನಿ ಹೋದದ್ದು ತರಗತಿಯ ನಡುವೆ, ತ್ರಿಕೋನದ ಒಳಕೋನಗಳ ಬಗ್ಗೆ ಹೇಳುತ್ತಿದ್ದಾಗ. ಕೆಲವು ವಾರಗಳಿಂದ ಗಂಟಲು ಕರಕರ ಎನ್ನುತ್ತಿತ್ತು. ಬಿಸಿನೀರು, ಜ್ಯೇಷ್ಠಮಧು, ಅರಿಸಿನದ ಹಾಲು ಎಲ್ಲ ಆಗಿತ್ತು. ಆ ದಿನ ಬಾಯಿ ತೆರೆದರೆ ಬರೀ ಗಾಳಿ ಬಂತು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಹಿಂದಿನ ಬೆಂಚಿನವರು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ಒಂಬತ್ತನೇ ತರಗತಿ ಅಷ್ಟು ನಿಶ್ಶಬ್ದವಾಗಿ ಕುಳಿತದ್ದನ್ನು ಕಂಡಿರಲಿಲ್ಲ.

ನಾನು ಹುಬ್ಬಳ್ಳಿಯ ಸರಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಬೈರಿದೇವರಕೊಪ್ಪದ ಮನೆಯಲ್ಲಿ ಇರುವವರು ಮೂವರು: ನಾನು, ನನ್ನ ಗಂಡ, ಅತ್ತೆ. ಗಂಡ ಧಾರವಾಡದ ಕಚೇರಿಗೆ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಅತ್ತೆಯ ಕಿವಿ ಮಂದ. ಕಿವಿಗೆ ಮಷೀನು ಹಾಕಿಸೋಣ ಎಂದು ಮಗ ಎಷ್ಟು ಸಲ ಹೇಳಿದರೂ ಅವರ ಉತ್ತರ ಒಂದೇ: "ನನಗ ಎಲ್ಲಾ ಕೇಳಸ್ತೈತಿ. ನೀವ ಬಾಯಾಗ ಬಾಯಾಗ ಮಾತಾಡ್ತೀರಿ." ಹೀಗಾಗಿ ಹಗಲೆಲ್ಲ ತರಗತಿಯಲ್ಲಿ ಕೂಗಿ ಬಂದು, ಸಂಜೆ ಮನೆಯಲ್ಲಿ ಉಪ್ಪು ಎಲ್ಲಿದೆ, ಗುಳಿಗೆ ನುಂಗಿದಿರಾ, ಹಾಲಿನವನು ಬಂದಿದ್ದನಾ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ.

ಗಂಟಲಿನ ಡಾಕ್ಟರು ನೋಡಿ, ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ, ಸದ್ಯಕ್ಕೆ ಆಪರೇಷನ್ ಬೇಡ ಎಂದರು. "ಮಾತು ಪೂರಾ ಬಂದ್ ಮಾಡ್ರಿ. ಪಿಸುಪಿಸು ಅನ್ನೂದೂ ಬ್ಯಾಡ. ಗಂಟಲಿಗೆ ರಜಾ ಕೊಡ್ರಿ." ಅಲ್ಲಿಂದ ಧ್ವನಿಯ ತರಬೇತಿ ಕೊಡುವ ಹೆಣ್ಣುಮಗಳೊಬ್ಬಳ ಹತ್ತಿರ ಕಳಿಸಿದರು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ಅವಳು ಗಂಟಲಿನ ಸುದ್ದಿಯನ್ನೇ ಎತ್ತಲಿಲ್ಲ. ನಿದ್ದೆ ಹೇಗೆ ಬರುತ್ತದೆ, ಮಧ್ಯಾಹ್ನದ ಊಟ ಕುಳಿತು ಮಾಡುತ್ತೀರೋ ನಿಂತೋ, ಏನೂ ಮಾಡದೆ ಸುಮ್ಮನೆ ಕುಳಿತದ್ದು ಯಾವಾಗ ಎಂದೆಲ್ಲ ಕೇಳಿದಳು. ನಾನು ತಲೆಯಾಡಿಸಿ, ಕೈಯಾಡಿಸಿ ಉತ್ತರಿಸಿದೆ. ಕೊನೆಯ ಪ್ರಶ್ನೆಗೆ ಬೆರಳು ಮಡಿಚಿ ವರ್ಷಗಳನ್ನು ಎಣಿಸತೊಡಗಿದೆ.

"ಅಕ್ಕಾರ, ಧ್ವನಿ ಬರೇ ಗಂಟಲಾಗ ಇರಂಗಿಲ್ರಿ," ಎಂದಳು. "ನಿಮ್ಮ ಭುಜಾ ನೋಡ್ರಿ, ಮ್ಯಾಲೆ ಏರಿ ಕಿವಿ ಮುಟ್ಟಾಕ ಹೊಂಟಾವು. ಉಸಿರು ಎದಿಮಟಾನೂ ಇಳಿವಲ್ದು. ಮೈಗೆ, ಮನಸ್ಸಿಗೆ ಆರಾಮ ಆಗೂತನಕಾ ಗಂಟಲಿಗೆ ಎಲ್ಲಿಂದ ಆರಾಮ ಆಗ್ಬೇಕ್ರಿ?"

ಮುಂಜಾನೆ ನಡಿಗೆ, ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿ ಉಸಿರಾಟ, ಹೊತ್ತಿಗೆ ಸರಿಯಾಗಿ ಊಟ, ದಿನಕ್ಕೆ ಒಂದಿಷ್ಟು ಹೊತ್ತು ಮನಸ್ಸಿಗೆ ಹಿಡಿಸುವ ಕಡೆ ಸುಮ್ಮನೆ ಕೂಡುವುದು. ಅವಳು ಬರೆದುಕೊಟ್ಟ ಔಷಧಿ ಇಷ್ಟೇ. ಶಾಲೆಗೆ ರಜೆ ಬರೆದುಕೊಟ್ಟು, ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಭುಜಗಳು ನಿಜಕ್ಕೂ ಮೇಲೇ ಇದ್ದವು. ಇಳಿಸಿದೆ. ತಿರುಗಿ ನೋಡುವಷ್ಟರಲ್ಲಿ ಮತ್ತೆ ಏರಿದ್ದವು.

ಮಾತಾಡಲಾಗದ ಸೊಸೆ, ಕಿವಿ ಕೇಳಿಸದ ಅತ್ತೆ. ಮೊದಲ ದಿನ ನಾನು ಕೊಡೆಯಂತೆ ಕೈ ಮಾಡಿ, ಮೋಡ ತೋರಿಸಿ, ಒಣಗಿದ ಬಟ್ಟೆ ಒಳಗೆ ತನ್ನಿ ಎಂದೆ. ಅವರು ಅಟ್ಟದಿಂದ ರೊಟ್ಟಿ ಹಂಚು ಇಳಿಸಿಕೊಂಡು ಬಂದರು. ಮರುದಿನ ಹಾಗಲಕಾಯಿ ತರಲೇ ಎಂದು ಕೇಳಲು ಮುಖ ಕಹಿ ಮಾಡಿ, ನಾಲಗೆ ಹೊರಚಾಚಿ ತೋರಿಸಿದೆ. ಅತ್ತೆ ನನ್ನನ್ನು ದಿಟ್ಟಿಸಿ ನೋಡಿ, ಗೋಡೆ ಹಿಡಿದುಕೊಂಡು ನಗತೊಡಗಿದರು. ನನಗೂ ನಗು ತಡೆಯಲಾಗಲಿಲ್ಲ, ಆದರೆ ಸದ್ದಿಲ್ಲದೆ ನಗಬೇಕು. ಅದನ್ನು ನೋಡಿ ಅವರು ಇನ್ನೂ ನಕ್ಕರು. ವಾರ ಕಳೆಯುವುದರೊಳಗೆ ನಮ್ಮಿಬ್ಬರದೇ ಒಂದು ಭಾಷೆ ತಯಾರಾಯಿತು. ಮಣಿಕಟ್ಟು ಬಡಿದರೆ ಮಗ ಬರುವುದು ತಡ, ಮೂಗು ಹಿಡಿದರೆ ಸಾರು ಹಳಸಿದೆ.

"ಇಷ್ಟ ವರ್ಷ ಒಳಗಿಂದನ ಒದರತಿದ್ದಿ, ಒಂದೂ ತಿಳೀತಿರಲಿಲ್ಲ," ಎಂದರು ಅತ್ತೆ ಒಂದು ದಿನ. "ಈಗ ಎದುರಿಗೆ ಬಂದು ನಿಂದರತಿ. ಎಲ್ಲಾ ತಿಳೀತೈತಿ ನೋಡು."

ನಡಿಗೆಗೆ ಜೊತೆಯಾದವರು ಪಕ್ಕದ ಮನೆಯ, ಅಕ್ಕ ಎನ್ನುವ ಬದಲು ನಾವು ಆಪಾ ಎಂದು ಕರೆಯುವ ಹೆಣ್ಣುಮಗಳು. ಅವರು ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಅವರ ಗಂಡನಿಗೆ ಬೆಂಗೇರಿಯಲ್ಲಿ ಸ್ಕೂಟರ್ ಗ್ಯಾರೇಜಿದೆ. ಸುದ್ದಿ ಕೇಳಿದ ಮರುದಿನವೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನಿಮಗ ಮಾತಾಡಾಕ ಬರಂಗಿಲ್ಲ, ನನಗ ಸುಮ್ಕಿರಾಕ ಬರಂಗಿಲ್ಲ. ಜೋಡಿ ಛಲೋ ಆತು. ನಡೀರಿ ಅಕ್ಕಾರ."

ಉಣಕಲ್ ಕೆರೆಯ ದಂಡೆಗುಂಟ ನಾವು ನಡೆದೆವು, ಅವರು ಮಾತಾಡಿದರು. ಮೊದಮೊದಲು ನನಗೆ ಚಡಪಡಿಕೆ. ಆಪಾ ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನಾನೇ ಹೇಳಿ ಮುಗಿಸುವುದು ನಮ್ಮ ರೂಢಿಯಾಗಿತ್ತು. ಈಗ ದಾರಿಯೇ ಇಲ್ಲ, ಕೊನೆತನಕ ಕೇಳಬೇಕು. ಕೇಳಿದರೆ, ಅವರ ಮಾತು ನಾನು ಊಹಿಸಿದ ಕಡೆಗೆ ಹೋಗುತ್ತಲೇ ಇರಲಿಲ್ಲ. ಒಂದು ಬೆಳಿಗ್ಗೆ ತಮ್ಮ ಮಂಡಿನೋವಿನಿಂದ ಶುರು ಮಾಡಿದರು. ಇನ್ನು ಎಣ್ಣೆಯ ಹೆಸರು ಹೇಳುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಬೇರೆ.

"ನಸಿಕಿನ್ಯಾಗ ಫಜರ್ ನಮಾಜ್ ಆದ ಮ್ಯಾಲೆ ಲಗೂನ ಏಳಂಗಿಲ್ರಿ ನಾ. ಏನೂ ಬೇಡಂಗಿಲ್ಲ, ಏನೂ ಕೇಳಂಗಿಲ್ಲ. ಸುಮ್ನ ಕುಂದರತೇನಿ. ಮನ್ಯಾಗ ಎಲ್ಲಾರೂ ಮಂಡಿ ನೋವಿಗೆ ಏಳಾಕ ಆಗವಲ್ದು ಅಂತ ತಿಳದಾರ. ತಿಳಕೊಳ್ಳಲಿ ಬಿಡ್ರಿ, ಅಷ್ಟೊತ್ತು ಚಾ ಅವರ ಮಾಡಕೋತಾರ."

ಆ ಮಾತು ನನ್ನೊಳಗೆ ಉಳಿಯಿತು. ನಮ್ಮ ಮನೆಯಲ್ಲಿ ಸಂಜೆ ಬುದ್ಧನ ಮುಂದೆ ವಂದನೆ ಹೇಳುವ ಪದ್ಧತಿಯಿದೆ. ನಾನು ಹೇಳಿಕೊಡುತ್ತಿದ್ದೆ, ಅತ್ತೆ ನನ್ನ ತುಟಿ ನೋಡಿ ಹೇಳುತ್ತಿದ್ದರು. ಬಾಯಿ ವಂದನೆ ಹೇಳುವಾಗ ನನ್ನ ಕಣ್ಣು ಒಲೆಯ ಮೇಲಿನ ಹಾಲಿನ ಕಡೆ. ಈಗ ಅತ್ತೆಯೇ ನೆನಪಿನಿಂದ ಹೇಳುತ್ತಿದ್ದರು. ತಮ್ಮ ತವರೂರು ಮುಗದದ ರಾಗದಲ್ಲಿ, ಎಳೆದೆಳೆದು, ಯಾವ ಅವಸರವೂ ಇಲ್ಲದೆ. ನಾನು ಒಲೆ ಆರಿಸಿ ಬಂದು ಅವರ ಪಕ್ಕ ಕೂಡತೊಡಗಿದೆ. ಮೊದಲ ಸಂಜೆಗಳಲ್ಲಿ ಮನಸ್ಸು ಪರೀಕ್ಷೆ, ಮುಗಿಯದ ಪಾಠ ಎಂದು ಓಡಾಡಿತು. ಬರಬರುತ್ತ ಅದೂ ದಣಿದು ನಮ್ಮ ಜೊತೆ ಕುಳಿತಿತು. ರಾತ್ರಿ ನಿದ್ದೆ ತಾನಾಗಿ ಬರತೊಡಗಿತು. ಮಳೆಗಾಲದ ಹೆಸರುಬೇಳೆ ಸಾರಿಗೆ ಅಷ್ಟು ರುಚಿಯಿದೆ ಎಂಬುದು ನನಗೆ ಆಗ ಗೊತ್ತಾಯಿತು.

ಇನ್ನೊಮ್ಮೆ ತೋರಿಸಲು ಹೋದಾಗ ತರಬೇತಿಯ ಹುಡುಗಿ, ತುಟಿ ಮುಚ್ಚಿಕೊಂಡು ಮೆಲ್ಲಗೆ ಗುನುಗಬಹುದು ಎಂದಳು. ಆ ಸಂಜೆ ವಂದನೆಗೆ ಕುಳಿತೆವು. ಅತ್ತೆ ಶುರು ಮಾಡಿದರು. ನಾನು ಹೊಟ್ಟೆಯಿಂದ ಉಸಿರೆಳೆದು, ತುಟಿ ಮುಚ್ಚಿ, ಅವರ ರಾಗದ ಹಿಂದೆ ಮೆಲ್ಲಗೆ ಹೋದೆ. ಸಣ್ಣ, ದುಂಬಿಯಂಥ ಸದ್ದು. ನನ್ನದೇ ಧ್ವನಿ. ಕಣ್ಣು ತುಂಬಿಕೊಂಡವು, ಆದರೆ ನಿಲ್ಲಿಸಲಿಲ್ಲ.

ಅತ್ತೆಗೆ ಅದು ಕೇಳಿಸುವ ಮಾತೇ ಇರಲಿಲ್ಲ. ಆದರೆ ನನ್ನ ಮುಖದಲ್ಲಿ ಏನೋ ಕಂಡಿರಬೇಕು. ಹೇಳುವುದನ್ನು ನಿಲ್ಲಿಸಿ, ಅಂಗೈಯನ್ನು ನನ್ನ ಬೆನ್ನ ಮೇಲಿಟ್ಟರು. ಹಾಗೇ ಇಟ್ಟುಕೊಂಡಿದ್ದರು.

"ಗುಂಯ್ ಅನ್ನಾಕತ್ತೈತಿ," ಎಂದರು. "ಬಂತಲ್ಲ, ಧ್ವನಿ ಬಂತಲ್ಲ ತಂಗಿ."

ನಾನು ತಲೆಯಾಡಿಸಿದೆ. ಅವರು ಕೈ ತೆಗೆಯಲಿಲ್ಲ. ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದರು.

"ನಾಳೆ ನನ್ನ ಕಿವಿ ತೋರ್ಸಾಕ ಕರಕೊಂಡು ಹೋಗಪಾ. ಆ ಮಷೀನು ಹಾಕ್ಕೊತೇನಿ. ಇನ್ನೊಮ್ಮೆ ಒದರಿ ಒದರಿ ಇಕಿ ಗಂಟಲಾ ಹೋಗೂದು ಬ್ಯಾಡ."

ಇಷ್ಟು ವರ್ಷ ಯಾರು ಹೇಳಿದರೂ ಕೇಳದವರು ತಾವಾಗಿ ಒಪ್ಪಿದ್ದರು. ನನ್ನ ಗಂಡ ಮರುದಿನ ರಜೆ ಹಾಕಿದರು.

ಮಷೀನು ಹಾಕಿಸಿಕೊಂಡು ಬಂದ ದಿನ ಮನೆಯೆಲ್ಲ ಅವರಿಗೆ ಹೊಸದು. ಫ್ಯಾನು ಇಷ್ಟು ಸದ್ದು ಮಾಡುತ್ತದೆಯೇ ಎಂದು ಮೇಲೆ ನೋಡಿದರು. ತಮ್ಮ ಬಳೆಗಳನ್ನು ತಾವೇ ಅಲ್ಲಾಡಿಸಿ ಕೇಳಿದರು. ಅಷ್ಟರಲ್ಲಿ ನನಗೂ ನಾಲ್ಕು ಮಾತು ಆಡಲು ಅಪ್ಪಣೆ ಸಿಕ್ಕಿತ್ತು. ಅವರ ಎದುರು ಕುಳಿತು, ಭುಜ ಇಳಿಸಿ, ಮೆಲ್ಲಗೆ ಕೇಳಿದೆ: "ಅತ್ತಿ, ಚಾ ಕುಡೀತೀರೇನ್ರಿ?"

ಅವರು ನನ್ನನ್ನೇ ನೋಡಿದರು. "ನಿನ್ನ ಧ್ವನಿ ಇಷ್ಟ ಮೆತ್ತಗ ಐತೇನ?" ಎಂದರು. "ನಾ ನೀ ಭಾಳ ಜೋರಿನಾಕಿ ಅಂತ ತಿಳದಿದ್ದೆ." ಆಮೇಲೆ ನೆನಪಾದವರಂತೆ, "ಸಕ್ಕರಿ ಕಮ್ಮಿ ಹಾಕು," ಎಂದರು.

ಶಾಲೆಗೆ ಮರಳಿದೆ. ಈಗ ತರಗತಿಯಲ್ಲಿ ಕೂಗುವುದಿಲ್ಲ. ಕೊರಳಿಗೆ ಸಣ್ಣ ಮೈಕು ಹಾಕಿಕೊಳ್ಳುತ್ತೇನೆ. ಗದ್ದಲವಾದರೆ ಸುಮ್ಮನೆ ನಿಂತು ಹೊಟ್ಟೆಯ ತನಕ ಉಸಿರೆಳೆಯುತ್ತೇನೆ. ಅಷ್ಟರಲ್ಲಿ ಮಕ್ಕಳೇ ಒಬ್ಬರನ್ನೊಬ್ಬರು ಸುಮ್ಮನಾಗಿಸಿರುತ್ತಾರೆ. ಗಂಟುಗಳು ಕರಗಿವೆ ಎಂದು ಡಾಕ್ಟರು ಹೇಳಿದ್ದಾರೆ. ಭುಜಗಳು ಮಾತ್ರ ಪರೀಕ್ಷೆಯ ದಿನಗಳಲ್ಲಿ ಇನ್ನೂ ಏರುತ್ತವೆ.

ಕಳೆದ ಭಾನುವಾರ ಅತ್ತೆ ತಾವೂ ಕೆರೆಗೆ ಬರುತ್ತೇನೆ ಎಂದು ಹಟ ಹಿಡಿದರು. ಅರ್ಧ ದಾರಿ ನಡೆದು ಕಲ್ಲುಬೆಂಚಿನ ಮೇಲೆ ಕುಳಿತರು. ಆಪಾ ಪಕ್ಕದಲ್ಲಿ ಕುಳಿತು ಮಾತು ಶುರು ಮಾಡಿದರು. ಅತ್ತೆ ಕೇಳಿದರು, ಕೇಳಿದರು, ಕೊನೆಗೆ ಕಿವಿಯ ಕಡೆ ಕೈ ಒಯ್ದು, "ಸ್ವಲ್ಪ ಹೊತ್ತು ಈ ಮಷೀನು ಬಂದ್ ಮಾಡ್ಲೇನವಾ? ಕೆರ್ಯಾಗಿನ ಹಕ್ಕಿಗೋಳ್ನ ಬರೇ ಕಣ್ಣೀಲೆ ನೋಡ್ತೇನಿ," ಎಂದರು. ಆಪಾ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ, ಈ ಸಲ ಸದ್ದು ಮಾಡಿಯೇ. ಮೂವರಿಗೂ ಹಸಿವಾಗಿತ್ತು. ರಸ್ತೆಯಾಚೆ ಗಾಡಿಯಲ್ಲಿ ಮಂಡಕ್ಕಿಯ ಗಿರಮಿಟ್ ಕಲಸುತ್ತಿದ್ದರು. ಹೋಗಿ ಮೂರು ಪೊಟ್ಟಣ ಕಟ್ಟಿಸಿಕೊಂಡು ಬಂದೆ.