ಮುದಿ ಬಾಯ್ಲರಿನ ವಿಚಾರಣೆ

ಈ ದೇಶದಲ್ಲಿ ಇಬ್ಬರು ಗಂಡಸರು ಐದು ನಿಮಿಷ ಒಟ್ಟಿಗೆ ನಿಂತರೆ, ಹವಾಮಾನದ ಮಾತು ಮುಗಿದ ಮರುಗಳಿಗೆಯಲ್ಲೇ ಬಾಯ್ಲರಿನ ಮಾತು ಶುರುವಾಗುತ್ತದೆ; ಬೇಕಾದರೆ ಗಮನಿಸಿ ನೋಡಿ. ನಮ್ಮ ಕಡೆ ಮಕ್ಕಳೆಷ್ಟು, ಏನು ಓದುತ್ತಾರೆ ಎಂದು ಕೇಳುವ ಸಲುಗೆಯಲ್ಲೇ ಇಲ್ಲಿಯವರು ‘ನಿಮ್ಮದಕ್ಕೆ ಎಷ್ಟು ವರ್ಷ?’ ಎಂದು ವಿಚಾರಿಸುತ್ತಾರೆ. ಇಪ್ಪತ್ತೊಂದು ಎಂದು ಉತ್ತರಿಸಿದರೆ ಸಂತಾಪದ ಮುಖ ಮಾಡುತ್ತಾರೆ. ಲಂಡನ್ನಿನ ಅಂಚಿನ ಫೆಲ್ಥಮ್ಮಿನ ನಮ್ಮ ಮನೆಯ ಅಡುಗೆಮನೆಯಲ್ಲಿ, ಅಕ್ಕಿ ಬೇಳೆಯ ಡಬ್ಬಿಗಳ ಪಕ್ಕದ ಕಪಾಟಿನಲ್ಲಿ ನೇತಾಡುತ್ತ ನೀರನ್ನೂ ಮನೆಯನ್ನೂ ಗ್ಯಾಸಿನಿಂದ ಕಾಸುವ ಬಿಳಿ ಪೆಟ್ಟಿಗೆಯೊಂದು ಕೆಲವು ವರ್ಷಗಳಿಂದ ಇಂಥ ಸಂತಾಪಗಳಿಗೆ ಪಾತ್ರವಾಗುತ್ತ ಬಂದಿದೆ. ನಾನು ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕಾಗದಪತ್ರ ನೋಡುವವನು. ನನ್ನಿಂದ ಎತ್ತಲಾಗದ ಪೆಟ್ಟಿಗೆಗಳ ಬಗ್ಗೆ ಅಧಿಕಾರವಾಣಿಯಿಂದ ಅಭಿಪ್ರಾಯ ಕೊಡುವುದೇ ನನ್ನ ಕಸುಬಾದ್ದರಿಂದ, ಈ ಪೆಟ್ಟಿಗೆಯ ವಿಷಯದಲ್ಲೂ ನನ್ನ ಪಾಂಡಿತ್ಯಕ್ಕೆ ಕೊರತೆಯಿರಲಿಲ್ಲ.

ಅದನ್ನು ರಿಪೇರಿ ಮಾಡಿಸಬೇಕೋ, ಕಿತ್ತುಹಾಕಿ ಹೊಸದನ್ನು ಕೂರಿಸಬೇಕೋ ಎಂಬ ಜಿಜ್ಞಾಸೆ ತೀವ್ರವಾದದ್ದು ಈ ಚಳಿಗಾಲದಲ್ಲಿ. ಕಾರಣ ನನ್ನ ಅವ್ವ. ದಸರೆ ಮುಗಿಸಿಕೊಂಡು ಧಾರವಾಡದಿಂದ ಬಂದವಳು ಆರು ತಿಂಗಳು ನಮ್ಮೊಡನಿದ್ದು ಏಪ್ರಿಲಿನಲ್ಲಿ ಹೋಗುವುದೆಂದು ಟಿಕೇಟೂ ಆಗಿತ್ತು. ಇಲ್ಲಿಯ ಬಾತ್‌ಟಬ್ಬಿಗೆ ಅವಳು ದನಕ್ಕೆ ನೀರು ಕುಡಿಸುವ ಬಾನಿಯೆಂದು ಹೆಸರಿಟ್ಟು, ಅದರೊಳಗೊಂದು ಪ್ಲಾಸ್ಟಿಕ್ ಮಣೆ, ಒಂದು ಬಕೆಟ್ಟು, ಊರಿನಿಂದ ತಂದ ಒಂದು ತಂಬಿಗೆ ಇಟ್ಟುಕೊಂಡು, ಶವರಿನ ಕಡೆ ಕಣ್ಣೆತ್ತಿಯೂ ನೋಡದೆ ದಿನಾ ಮುಂಜಾನೆ ಸ್ನಾನ ಮಾಡುತ್ತಿದ್ದಳು. ಅಲ್ಲಿಯ ತನಕ ಏನೂ ಅನ್ನದಿದ್ದವಳು ಡಿಸೆಂಬರಿನ ಚಳಿ ಕಾಲಿಟ್ಟಾಗ ಒಂದು ಮುಂಜಾನೆ ಬಾಗಿಲಲ್ಲಿ ನಿಂತು, “ನೀರ ಕಾದಿಲ್ಲೋ ತಮ್ಮಾ” ಎಂದಳು. ನಾನು ಹೋಗಿ ನಳ ತಿರುಗಿಸಿ, ಅರ್ಧ ನಿಮಿಷ ಕೈ ಹಿಡಿದು, “ಕುದಿಯಾಕ ಹತ್ತೇತಿ ನೋಡವ್ವಾ!” ಎಂದು ವಿಜಯ ಘೋಷಿಸಿ, ನಳ ಬಂದ್ ಮಾಡಿ ಬಂದೆ. “ಹೌದಲ್ಲಾ” ಎಂದು ಅವಳು ಒಳಗೆ ಹೋದಳು. ಈ ಪ್ರಹಸನ ಮರುದಿನವೂ ನಡೆಯಿತು, ಅದರ ಮರುವಾರವೂ ನಡೆಯಿತು. ನಾನು ಕೈಯಿಟ್ಟಾಗ ಸುಡುವ ನೀರು ಅವ್ವ ಸ್ನಾನಕ್ಕೆ ಕೂತಾಗ ತಣ್ಣಗಾಗುತ್ತದೆಂದರೆ ಯಂತ್ರಕ್ಕೆ ಮುಪ್ಪಿನ ಮೊಂಡುತನ ಬಂದಿದೆಯೆಂದು ನಾನು ತೀರ್ಪಿತ್ತೆ.

ಇಲ್ಲಿಂದ ಮುಂದೆ ನಾನು ಹಳೆಯ ಬಾಯ್ಲರಿಗೂ ಮನುಷ್ಯರ ವಾರ್ಧಕ್ಯಕ್ಕೂ ಸಾಮ್ಯ ಕಲ್ಪಿಸಿ, ಹಳೆಯದನ್ನು ಬಿಸಾಡುವ ಈ ಕಾಲವನ್ನು ನೆನೆದು ನಾಲ್ಕು ಹನಿ ಕಣ್ಣೀರು ಸುರಿಸುತ್ತೇನೆಂದು ನೀವು ಕಾದಿದ್ದರೆ, ದಯವಿಟ್ಟು ಕರವಸ್ತ್ರವನ್ನು ಜೇಬಿಗೆ ಸೇರಿಸಿ. ಬಾಯ್ಲರ್ ಒಂದು ತಗಡಿನ ಪೆಟ್ಟಿಗೆ. ಅದರ ಮೇಲೆ ನನಗೆ ಯಾವ ವ್ಯಾಮೋಹವೂ ಇಲ್ಲ.

ಮೊದಲು ಬಂದವನು ಹೊಸ ಬಾಯ್ಲರ್ ಮಾರುವ ಕಂಪನಿಯೊಂದರ ತರುಣ. ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು, ಕಪಾಟಿನೊಳಗೆ ಟಾರ್ಚು ಬಿಟ್ಟು, ಮೂರು ಸಲ ನಿಟ್ಟುಸಿರಿಟ್ಟು, ಇದರ ಆಯುಷ್ಯ ಮುಗಿದಿದೆ, ಬಿಡಿಭಾಗಗಳೂ ಸಿಗುವುದಿಲ್ಲ ಎಂದ. ಬಿಸಿನೀರಿನ ನಳವನ್ನು ಒಂದು ಸಲ ತಿರುಗಿಸಿ ನೋಡುವ ಕಷ್ಟವನ್ನು ಆ ಮಹಾಶಯ ತೆಗೆದುಕೊಳ್ಳಲಿಲ್ಲ. ಅವನು ಹೋದಮೇಲೆ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಸಮಸ್ಯೆಯನ್ನು ಒಪ್ಪಿಸಿ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ. ತಮ್ಮ ಮನೆಯ ಕೋಣೆ ಕಾಸುವ ರೇಡಿಯೇಟರಿನೊಳಗೆ ಸಿಕ್ಕಿಕೊಂಡ ಗಾಳಿ ತೆಗೆಯಲು ಬಾರದವರೆಲ್ಲ ಅಲ್ಲಿ ಉಷ್ಣಶಾಸ್ತ್ರಜ್ಞರು. ಒಬ್ಬರು ಹೊರಗಿನ ಗಾಳಿಯಿಂದಲೇ ಶಾಖ ಹೀರಿ ಮನೆ ಕಾಸುವ ಹೀಟ್ ಪಂಪಿನ ಪರಮಭಕ್ತರು; ಅದನ್ನು ಹಾಕಿಸಿಕೊಳ್ಳದವರಿಗೆ ಸದ್ಗತಿಯಿಲ್ಲವೆಂದು ಮೂರು ದಿನ ಉಪದೇಶಿಸಿದರು. ಅವರ ಸ್ವಂತ ಮನೆಯಲ್ಲಿ ಅದಿದೆಯೇ ಎಂದು ನಾನು ಕೇಳಿದ ಮೇಲೆ ಗುಂಪಿನಲ್ಲಿ ಶುಭೋದಯದ ಗಣಪತಿ ಚಿತ್ರಗಳ ಹೊರತು ಬೇರೇನೂ ಬರಲಿಲ್ಲ.

ಟೂಟಿಂಗಿನಲ್ಲಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುವ ಕುಂದಾಪುರದ ಗೆಳೆಯ ಶೆಟ್ಟರಿಗೆ ಫೋನು ಮಾಡಿದೆ. “ಇನ್ನೂ ಎಂತ ಯೋಚ್ನೆ ಮಾರಾಯ್ರೆ? ತೆಗ್ದು ಬಿಸಾಡಿ! ನಮ್ಮಲ್ಲಿ ಗ್ರೈಂಡರ್ ಒಂದ್ಸಲ ನಿಂತ್ರೆ ಸಾಕು, ಮರುದಿನ ಹೊಸ್ತು” ಎಂದರು. ಈ ನಿರ್ದಾಕ್ಷಿಣ್ಯ ವಾಣಿ ಹೊರಟದ್ದು ಒಳಗಿನಿಂದ ಬಾಗಿಲು ತೆರೆಯದ ಕಾರನ್ನು ಒಂಬತ್ತು ವರ್ಷದಿಂದ ಓಡಿಸುತ್ತಿರುವವರ ಬಾಯಿಂದ. ಇನ್ನು ನನ್ನ ಹಿರಿಮೆಯೂ ಕಡಿಮೆಯದಲ್ಲ. ಊಟ ಮಾಡುವಾಗ, ಟ್ಯೂಬ್ ರೈಲಿನಲ್ಲಿ, ಡಾಕ್ಟರ ಕೋಣೆಯ ಹೊರಗೆ, ಎಲ್ಲೆಂದರಲ್ಲಿ ಬಾಯ್ಲರುಗಳ ಗುಣಾವಗುಣ ಓದುತ್ತ, ಒಂದು ದಿನ ರಿಪೇರಿ ಪಕ್ಷ, ಮರುದಿನ ಬದಲಾವಣೆಯ ಪಕ್ಷ ಸೇರುತ್ತಿದ್ದೆ. ಹೆಂಡತಿ ಶೈಲಾ ಕಡೆಗೊಮ್ಮೆ, “ಲಗ್ನಕ್ಕ ಮುಂಚೆ ನನ್ನ ಬಗ್ಗೆನೂ ನೀವು ಇಷ್ಟ ವಿಚಾರ ಮಾಡಿರಲಿಲ್ಲ ಬಿಡ್ರಿ” ಎಂದಳು. ಅದು ನಿಜವೂ ಆಗಿತ್ತು.

ಜನವರಿಯಲ್ಲಿ ಅವ್ವನಿಗೆ ಕೆಮ್ಮು ಹಿಡಿಯಿತು. ಒಂದು ಭಾನುವಾರ ನನ್ನನ್ನು ಕರೆದು ಕೂರಿಸಿಕೊಂಡು, “ತಣ್ಣೀರ ಝಳಕ ನನಗಿನ್ನ ನೀಗಂಗಿಲ್ಲೋ ತಮ್ಮಾ. ಝಳಕ ಇಲ್ಲದ ದೇವರ ಮುಂದ ನಾ ಕುಂಡ್ರಾಕಿ ಅಲ್ಲ. ಏಪ್ರಿಲ್ ತನಕ ಬ್ಯಾಡ, ಟಿಕೇಟ ಲಗೂ ಮಾಡಸು” ಎಂದಳು. ಅವಳು ಹೊರಟುಬಿಡುತ್ತಾಳಲ್ಲ ಎಂಬ ದುಃಖ ನನಗಿದ್ದದ್ದು ಹೌದು. ಆದರೆ ಲಂಡನ್ನಿನ ಮಗನ ಮನೆಯಲ್ಲಿ ಬಿಸಿನೀರು ಸಿಗಲಿಲ್ಲವಂತೆ ಎಂಬ ಸುದ್ದಿ ಧಾರವಾಡದ ಓಣಿಯಲ್ಲಿ ಹಬ್ಬಿದರೆ ಏನು ಗತಿ ಎಂಬ ಭಯ ಅದಕ್ಕಿಂತ ಒಂದು ಹೆಜ್ಜೆ ಮುಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆಗಲೇ ಹೊಸ ಬಾಯ್ಲರಿಗೆ ಹೂಂ ಎನ್ನಲು ಸಿದ್ಧನಾದೆ. ಶೈಲಾ ಮಾತ್ರ, ಕೊನೆಯದಾಗಿ ಒಬ್ಬ ರಿಪೇರಿಯವನಿಗೆ ತೋರಿಸೋಣವೆಂದು ಪಕ್ಕದ ಮನೆಯವರ ಪರಿಚಯದ ಟೋನಿಯನ್ನು ಕರೆಸಿದಳು.

ಟೋನಿ ಅರವತ್ತು ದಾಟಿದ, ಹೊಟ್ಟೆ ಮುಂದಾದ, ಮಾತು ಕಡಿಮೆಯ ಮನುಷ್ಯ. ಎಲ್ಲ ನಳಗಳನ್ನೂ ತಿರುಗಿಸಿ, ಎಲ್ಲದರಲ್ಲೂ ಬಿಸಿನೀರು ಬರುವುದನ್ನು ಕಂಡು, ತೊಂದರೆ ಯಾರಿಗೆ ಎಂದು ಕೇಳಿದ. ತಾಯಿಗೆ ಎಂದೆ. ಹಾಗಾದರೆ ಅವರನ್ನೇ ಕರೆಯಿರಿ, ದಿನಾ ಹೇಗೆ ನೀರು ಹಿಡಿಯುತ್ತಾರೋ ಹಾಗೇ ಹಿಡಿದು ತೋರಿಸಲಿ ಎಂದ. ಯಂತ್ರ ಬಲ್ಲವನಿಗೆ ಮುದುಕಿಯ ಸಾಕ್ಷಿ ಏಕೆಂದು ನಾನು ಮನಸ್ಸಿನಲ್ಲೇ ಮೂಗು ಮುರಿದೆ.

ಅವ್ವ ಸೆರಗು ಸರಿಮಾಡಿಕೊಂಡು ಮಹಡಿಯ ಬಚ್ಚಲಿಗೆ ಬಂದಳು. ಬಕೆಟ್ಟನ್ನು ನಳದ ಕೆಳಗೆ ಸರಿಸಿ, ಎರಡು ಬೆರಳಲ್ಲಿ ಹಿಡಿಯನ್ನು ಇಷ್ಟೇ ಇಷ್ಟು ತಿರುಗಿಸಿದಳು. ನೂಲಿನಂಥ ಧಾರೆ ಬಕೆಟ್ಟಿನ ತಳಕ್ಕೆ ಬೀಳತೊಡಗಿತು. ಕೆಳಗೆ ಅಡುಗೆಮನೆಯಲ್ಲಿ ಬಾಯ್ಲರ್ ತೆಪ್ಪಗಿತ್ತು. ಟೋನಿ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವಳ ಕೈಯ ಪಕ್ಕದಿಂದ ತನ್ನ ಕೈ ಚಾಚಿ ಹಿಡಿಯನ್ನು ಪೂರ್ತಿ ತಿರುಗಿಸಿದ. ಕೆಳಗೆ ಭುಸ್ಸೆಂದು ಉರಿ ಹೊತ್ತಿದ ಸದ್ದಾಯಿತು. ನಮ್ಮ ಬಾಯ್ಲರ್ ನೀರು ಕಾಸಿ ಕೂಡಿಡುವ ಜಾತಿಯದಲ್ಲ. ನಳದಲ್ಲಿ ನೀರು ಒಂದಿಷ್ಟು ರಭಸದಿಂದ ಹರಿದರೆ ಮಾತ್ರ ಉರಿ ಹೊತ್ತಿಸುತ್ತದೆ. ನೂಲುಧಾರೆ ಅದರ ಗಮನಕ್ಕೇ ಬರುವುದಿಲ್ಲ. ಇಷ್ಟನ್ನು ಟೋನಿ ಎರಡು ವಾಕ್ಯದಲ್ಲಿ ಹೇಳಿದ. ನಾನು ಎರಡು ತಿಂಗಳು ಓದಿದ್ದರಲ್ಲಿ ಇದೂ ಇತ್ತು.

ಅವ್ವ ಗಾಬರಿಯಿಂದ ಹಿಡಿಯನ್ನು ಮತ್ತೆ ಹಿಂದಕ್ಕೆ ತಿರುಗಿಸಿದಳು. “ಅಷ್ಟ್ಯಾಕ ಬಿಡ್ತಾನಿಂವ? ನೀನ ಹೇಳಿದ್ದೆಲ್ಲೋ, ಇಲ್ಲಿ ನೀರಿಗೂ ಮೀಟರ, ಗ್ಯಾಸಿಗೂ ಮೀಟರ, ಬಿಸಿನೀರಿನ ನಳ ಸಣ್ಣಗ ಬಿಡವ್ವಾ ಅಂತ.”

ಹೇಳಿದ್ದೆ. ಅವಳು ಬಂದ ಮೊದಲ ದಿನ, ಮನೆ ತೋರಿಸುವ ನೆಪದಲ್ಲಿ, ಯಾವ ದೀಪ ಯಾವಾಗ ಆರಿಸಬೇಕು, ಯಾವ ಗುಂಡಿ ಮುಟ್ಟಬಾರದು ಎಂದು ಕೋಣೆಯಿಂದ ಕೋಣೆಗೆ ಪ್ರವಚನ ಮಾಡುತ್ತ ಇದನ್ನೂ ಹೇಳಿದ್ದೆ. ಹೇಳಿದ್ದನ್ನು ಸಂಜೆಯೊಳಗೆ ಮರೆತಿದ್ದೆ. ವಾರಕ್ಕೊಮ್ಮೆ ನಳಕ್ಕೆ ನೀರು ಬರುವ ಓಣಿಯಲ್ಲಿ ಬಾಳಿದ ಅವಳಿಗೆ ನೀರಿನ ವಿಷಯದ ಮಾತು ಮರೆಯುವ ಮಾತಲ್ಲ. ನೀರು ಕಾದಿಲ್ಲವೆಂದು ಅವಳು ದೂರಿದಾಗಲೆಲ್ಲ ನಾನು ಹೋಗಿ ನಳವನ್ನು ಪೂರ್ತಿ ತಿರುಗಿಸಿ ಕೈಯಿಟ್ಟು, ಅವಳದೇ ತಪ್ಪೆಂಬಂತೆ ನಕ್ಕು ಬಂದಿದ್ದೆ. ಶೆಟ್ಟರು, ಬಳಗದವರು, ಆ ಟಾರ್ಚಿನ ತರುಣ, ಇವರನ್ನೆಲ್ಲ ಆಡಿಕೊಂಡಿದ್ದವನೂ ನಾನೇ.

ಅವರೇನು ಹೇಳುತ್ತಿದ್ದಾರೆಂದು ಟೋನಿ ಕೇಳಿದ. ನಮ್ಮೂರಿನ ಹಳೆಯ ರೂಢಿ ಎಂದುಬಿಟ್ಟೆ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಶೈಲಾಗೆ ಎರಡೂ ಭಾಷೆ ಬರುತ್ತದೆಂಬುದು ನನಗೆ ನೆನಪಾಯಿತು. ಅವಳು ನನ್ನ ಮುಖವನ್ನೇ ನೋಡಿದಳು. ಟೋನಿ ನಳವನ್ನು ಮತ್ತೆ ಪೂರ್ತಿ ಬಿಟ್ಟ. ಅವ್ವ ಧಾರೆಯ ಕೆಳಗೆ ಕೈ ಹಿಡಿದಳು, ಬಿಸಿ ತಾಗಿ ಹಿಂದಕ್ಕೆ ತೆಗೆದಳು, ಆಮೇಲೆ ನನ್ನತ್ತ ತಿರುಗಿದಳು.

“ಹಂಗಾರ ನೀವೆಲ್ಲಾ ಪೂರಾ ಬಿಡತಿದ್ರೇನು?”

ಸಿಟ್ಟಿರಲಿಲ್ಲ, ಚುಚ್ಚುವ ಇರಾದೆಯೂ ಇರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದಳು. ನಾನು ಹೂಂ ಎಂದೆ. ನನಗೆ ಅಷ್ಟು ನಾಚಿಕೆ ಬೇರೆ ಯಾವಾಗಲೂ ಆದದ್ದಿಲ್ಲ.

ಟೋನಿ ಹೇಗೂ ಬಂದದ್ದಕ್ಕೆ ಸವೆದಿದ್ದ ಸಣ್ಣ ಭಾಗವೊಂದನ್ನು ಬದಲಿಸಿ, ಇನ್ನೂ ಕೆಲವು ಚಳಿಗಾಲಕ್ಕೆ ಮೋಸವಿಲ್ಲವೆಂದು ಹೇಳಿ ಹೋದ. ಮರುದಿನ ಮುಂಜಾನೆ ನಾನು ಅಡುಗೆಮನೆಯ ಕಪಾಟಿನ ಮುಂದೆ ಸುಮ್ಮನೆ ನಿಂತಿದ್ದೆ. ಮೇಲೆ ನಳ ತಿರುಗಿತು, ಬಾಯ್ಲರ್ ಹೊತ್ತಿಕೊಂಡಿತು, ಬಹಳ ಹೊತ್ತು ಉರಿಯಿತು. ಅವ್ವ ಸ್ನಾನ ಮುಗಿಸಿ, ಪೂಜೆ ಮುಗಿಸಿ, ಒದ್ದೆ ಕೂದಲಿಗೆ ಬಿಳಿ ಪಂಚೆ ಸುತ್ತಿಕೊಂಡು ಇಳಿದು ಬಂದಳು. ಮುಖ ಕೆಂಪಾಗಿತ್ತು.

“ಟಿಕೇಟ ಇದ್ದಂಗ ಇರಲಿ. ಏಪ್ರಿಲ್ ತನಕ ಇರತೀನಿ” ಎಂದಳು.

ನನಗೆ ಜೀವ ಬಂದಂತಾಗಿ, “ಮುಂದಿನ ಚಳಿಗಾಲಕ್ಕೂ ಬಾರವ್ವಾ, ಇನ್ನ ಏನೂ ತೊಂದ್ರಿ ಇಲ್ಲ” ಎಂದೆ.

“ಮುಂದಿನ ವರ್ಷದ ಮಾತು ತಗೀಬ್ಯಾಡ ತಮ್ಮಾ. ಮೀಟರ ನೋಡಿಕೋತ ಝಳಕ ಮಾಡೂದು ನನಗ ಸಾಕಾತು” ಎಂದಳು ಅವ್ವ, ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು.

ನಾನು ಬಾಯ್ಲರಿನ ಕಪಾಟಿನ ಬಾಗಿಲು ಮುಚ್ಚಿದೆ.